ಹಸಿರು ನೆತ್ತಿಯ ಚಿಪ್ಪುಗಳು

ನಮ್ಮ ಮನೆಯ ಹೆಂಗಸರಲ್ಲಿ ನೀರಿಗೆ ಇಳಿಯದವಳೆಂದರೆ ಚಿಕ್ಕಮ್ಮ ಒಬ್ಬಳೇ. ಅಜ್ಜಿ ಮುಳುಗುತ್ತಿದ್ದಳು, ಅಜ್ಜಿಯ ಅಮ್ಮನೂ ಮುಳುಗುತ್ತಿದ್ದಳಂತೆ, ನನ್ನ ಅಮ್ಮನಂತೂ ಅರವತ್ತೆರಡು ತುಂಬುವವರೆಗೂ ಮುಳುಗಿದಳು. ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು ಬಸ್ ನಿಲ್ದಾಣದ ಕಿಟಕಿಯ ಹಿಂದೆ ಕೂತು ಟಿಕೆಟ್ ಕೊಡುವವಳು. ಹಾಗೆ ಒಣಗಿದ ಜಾಗದಲ್ಲಿ ಕೂರಲಿ ಎಂದು ಅಮ್ಮನೇ ಹಟ ಹಿಡಿದು ಓದಿಸಿದಳು. ಚಿಕ್ಕಮ್ಮನ ಕತೆ ಬೇರೆ. ಅವಳು ಮುಳುಗಬೇಕೆಂದೇ ಬೆಳೆದು, ಹದಿನಾಲ್ಕನೆಯ ವಯಸ್ಸಿನಲ್ಲಿ ದಡಕ್ಕೆ ಬಿದ್ದವಳು.

ಮುಳುಗುವುದೆಂದರೆ ಉಸಿರು ಬಿಗಿಹಿಡಿದು ಸಮುದ್ರದ ತಳದ ಬಂಡೆಗಳಿಗೆ ಇಳಿದು, ಚಪ್ಪಟೆ ಸಲಾಕೆಯಿಂದ ಕಿವಿಚಿಪ್ಪುಗಳನ್ನು ಎಬ್ಬಿಸಿ ತರುವ ಕೆಲಸ. ಕಿವಿಚಿಪ್ಪು ಒಂದು ಬಗೆಯ ದೊಡ್ಡ ಬಸವನಹುಳು ಎನ್ನಿ. ಬೆನ್ನ ಮೇಲೆ ಕಿವಿಯ ಆಕಾರದ ಒಂದೇ ಚಿಪ್ಪು, ಕೆಳಗೆ ಅಂಗೈ ತುಂಬುವಂಥ ಒಂದೇ ಪಾದ. ಆ ಪಾದದಿಂದ ಅದು ಬಂಡೆಗೆ ಹೇಗೆ ಅಂಟಿಕೊಳ್ಳುತ್ತದೆಂದರೆ, ಮೊದಲ ಏಟಿಗೆ ಎದ್ದರೆ ಎದ್ದಿತು. ಎಚ್ಚರಗೊಂಡಿತೋ, ಆಮೇಲೆ ನಿಮ್ಮ ಸಲಾಕೆ ಬಾಗಬೇಕೇ ಹೊರತು ಅದು ಜಗ್ಗುವುದಿಲ್ಲ. ಮಾಂಸ ಹೋಟೆಲುಗಳಿಗೆ ಹೋಗುತ್ತದೆ. ಚಿಪ್ಪು ಉಜ್ಜುವ ಶೆಡ್ಡಿಗೆ ಬರುತ್ತದೆ.

ಚಿಕ್ಕಮ್ಮ ಆ ವರ್ಷ ಮುಳುಗುವ ಕಾಲದ ಮೊದಲ ದಿನ ನೆಗಡಿಯನ್ನು ಮುಚ್ಚಿಟ್ಟು ದೋಣಿ ಹತ್ತಿದ್ದಳು. ನೆಗಡಿಯಾದಾಗ ಇಳಿಯಬಾರದು ಎನ್ನುವುದು ಮುಳುಗುವವರ ಮೊದಲ ಪಾಠ. ಆದರೆ ಅಕ್ಕ ಹೋಗುವಾಗ ತಾನು ಮನೆಯಲ್ಲಿ ಕೂರುವುದು ಹೇಗೆ? ಮೂರನೆಯ ಸಲ ಇಳಿದಾಗ ಬಲಗಿವಿಯೊಳಗೆ ಏನೋ ಪಟ್ಟನೆ ಒಡೆಯಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ಅವಳು ತಳದ ಕಡೆಗೇ ಈಜುತ್ತಿದ್ದಳಂತೆ. ಅಕ್ಕ, ಅಂದರೆ ನನ್ನ ಅಮ್ಮ, ಜಡೆ ಹಿಡಿದು ಮೇಲಕ್ಕೆಳೆದಳು. ಆಗ ಅಮ್ಮನಿಗೆ ಹದಿನೇಳು. ಆ ಕಿವಿಗೆ ಇನ್ನು ನೀರಿನ ಸಹವಾಸವೇ ಬೇಡವೆಂದು ಡಾಕ್ಟರು ಹೇಳಿದರು. ಚಿಕ್ಕಮ್ಮ ಮುಳುಗುವಾಗ ಕಟ್ಟುತ್ತಿದ್ದ ಸೊಂಟದ ಹಗ್ಗವನ್ನು ಅಜ್ಜಿ ತೆಗೆದು ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಿಟ್ಟಳು. ಅಜ್ಜಿ ಬೈದಿದ್ದರೆ ಚೆನ್ನಾಗಿತ್ತು ಎಂದು ಚಿಕ್ಕಮ್ಮ ನನಗೆ ಎಷ್ಟೋ ವರ್ಷಗಳ ನಂತರ ಹೇಳಿದಳು.

ಅಲ್ಲಿಂದ ಅವಳಿಗೆ ‘ದಡದಕ್ಕ’ ಎಂದು ಹೆಸರು ಬಿತ್ತು. ಯಾರೋ ಚುಡಾಯಿಸಲು ಇಟ್ಟದ್ದು, ಬರಬರುತ್ತಾ ಅದೇ ಖಾಯಂ ಆಯಿತು. ಕೆಲಸಕ್ಕೆ ಸೇರಿದ ಶೆಡ್ಡಿನ ಹಾಜರಿ ಪುಸ್ತಕದಲ್ಲೂ ಅದನ್ನೇ ಬರೆದುಕೊಂಡಿದ್ದರು.

ಶೆಡ್ಡು ಬಂದರಿನ ಹಿಂದಿನ ಬೀದಿಯಲ್ಲಿತ್ತು. ತಗಡಿನ ಮಾಡು, ಉದ್ದಕ್ಕೆ ಆರು ಚಕ್ರಗಳು, ಒಂದೇ ಮೋಟಾರಿನಿಂದ ಆರಕ್ಕೂ ಬೆಲ್ಟು. ಪ್ರತಿ ಚಕ್ರದ ಮೇಲೆ ಒಂದು ಡಬ್ಬ, ಅದರಿಂದ ತೊಟತೊಟನೆ ನೀರು. ನೀರಿಲ್ಲದೆ ಉಜ್ಜಿದರೆ ಚಿಪ್ಪಿನ ಪುಡಿ ನೇರ ಎದೆಗೂಡಿಗೆ ಇಳಿಯುತ್ತದೆ. ಸಮುದ್ರದಿಂದ ಬಂದ ಚಿಪ್ಪು ನೋಡಲು ಗಾರೆಯ ಚೂರಿನಂತಿರುತ್ತದೆ. ಮೈಮೇಲೆ ಸುಣ್ಣದಂಥ ಹೊಪ್ಪಳ, ಸಣ್ಣ ಹುಳುಗಳ ಗೂಡು, ಪಾಚಿಯ ಕೂದಲು. ಅದನ್ನು ಮೊದಲು ತೆಳುವಾದ ಆಸಿಡ್ಡಿನ ತೊಟ್ಟಿಯಲ್ಲಿ ಅದ್ದಿ, ತೊಳೆದು, ಬ್ರಷ್ಷಿನಿಂದ ತಿಕ್ಕುತ್ತಾರೆ. ಆಗ ಚಿಪ್ಪಿನ ನಿಜವಾದ ಹೊರಮೈ ಕಾಣುತ್ತದೆ: ಕೆಂಪು, ಕಂದು, ಇಟ್ಟಿಗೆಯ ಬಣ್ಣ. ಆ ಹೊರಮೈ ಯಾರಿಗೂ ಬೇಡ. ಚಕ್ರಕ್ಕೆ ಹಿಡಿದು ಅದನ್ನೂ ಉಜ್ಜಿ ತೆಗೆದರೆ ಒಳಗಿನ ಹೊಳಪು ಮೇಲೆ ಬರುತ್ತದೆ. ಗುಂಡಿಗಳಿಗೆ, ಪೆಟ್ಟಿಗೆಯ ಮುಚ್ಚಳಗಳಿಗೆ ಬೇಕಾದದ್ದು ಆ ಹೊಳಪು. ಅಂದರೆ ಹೊರಗಿನ ಬಣ್ಣ ಬೆಳಕು ಕಾಣುವುದು ತೊಟ್ಟಿಯಿಂದ ಚಕ್ರಕ್ಕೆ ಹೋಗುವ ನಾಲ್ಕು ಹೆಜ್ಜೆಯಷ್ಟು ಹೊತ್ತು ಮಾತ್ರ. ಅದನ್ನು ನೋಡುತ್ತಿದ್ದವಳು ಚಿಕ್ಕಮ್ಮ.

ಎಲ್ಲರೂ ಉಜ್ಜುತ್ತಿದ್ದರು, ಅವಳು ನೋಡಿ ಉಜ್ಜುತ್ತಿದ್ದಳು. ಚಿಪ್ಪು ಅಂಚಿನಿಂದ ಬೆಳೆಯುತ್ತದೆ. ನೆತ್ತಿಯ ಸುರುಳಿ ಅದು ಮರಿಯಾಗಿದ್ದಾಗಿನದು, ಅಂಚು ಹೋದ ತಿಂಗಳಿನದು. ನಡುವೆ ಪಟ್ಟೆಪಟ್ಟೆಯಾಗಿ ಅದರ ಆಯುಸ್ಸೆಲ್ಲ ಇರುತ್ತದೆ. ಕೆಂಪು ಪಾಚಿ ತಿಂದ ವರ್ಷ ಪಟ್ಟೆ ಕೆಂಪು, ತಿನ್ನಲು ಸಿಗದ ವರ್ಷ ಪಟ್ಟೆ ಸಣ್ಣದು ಮತ್ತು ಮಾಸಲು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಅಮ್ಮ ಯಾವ ದಿನ ಯಾವ ಬಂಡೆಗೆ ಇಳಿದಳೆಂದು ಗೊತ್ತಿರುತ್ತಿತ್ತು, ಮರುವಾರ ಆ ಚಿಪ್ಪು ಕೈಗೆ ಬರುತ್ತಿತ್ತು. ಎರಡನ್ನೂ ಮನಸ್ಸಿನಲ್ಲೇ ಜೋಡಿಸುತ್ತಾ ಹೋದಳು, ಅಷ್ಟೇ.

ನಾವು ಒಂದೇ ಮನೆಯಲ್ಲಿದ್ದೆವು. ಹಿಂದಿನ ಕೋಣೆ ಚಿಕ್ಕಮ್ಮನದು. ಸಂಜೆ ಊಟಕ್ಕೆ ಕೂತಾಗ ಅವಳು ಎಡಗಿವಿ ಅಮ್ಮನ ಕಡೆಗೆ ಬರುವಂತೆ ಕೂತು, ಹೋದ ಮಳೆಗಾಲದಲ್ಲಿ ಹೊರಬಂಡೆಯ ಹತ್ತಿರ ಕೆಂಪು ಪಾಚಿ ಕಡಿಮೆಯಾಗಿತ್ತೇ ಎಂದು ಕೇಳುವಳು. ಅಮ್ಮನಿಗೆ ನಗು. ಮೊಣಕಾಲು ನೆನೆಯದವಳು ನನಗೆ ಸಮುದ್ರ ಹೇಳಿಕೊಡುತ್ತಾಳೆ ಎಂದು ಅಪ್ಪನಿಗೆ ಹೇಳುವಳು. ಅಪ್ಪ ದೋಣಿ ಹಿಡಿಯುವವನು, ಅಕ್ಕತಂಗಿಯರ ನಡುವೆ ಬಾಯಿ ಹಾಕಬಾರದೆನ್ನುವುದನ್ನು ಮದುವೆಯಾದ ಹೊಸದರಲ್ಲೇ ಕಲಿತವನು. ಆದರೆ ಎರಡು ತುತ್ತು ಆದಮೇಲೆ ಅಮ್ಮ, ಹೌದು, ಕಡಿಮೆ ಇತ್ತು, ಎಂದು ತಟ್ಟೆ ನೋಡಿಕೊಂಡೇ ಹೇಳುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಅಮ್ಮನಿಗೆ ಐವತ್ತಾದ ವರ್ಷ ಸಮುದ್ರದಲ್ಲಿ ಕಿವಿಚಿಪ್ಪು ತೀರಾ ಕಡಿಮೆಯಾಯಿತು. ಸರ್ಕಾರದವರು ಬಂದರಿನಾಚೆ ಒಂದು ಮರಿ ಸಾಕಣೆ ಕೇಂದ್ರ ತೆರೆದರು. ಅದರ ಅಧಿಕಾರಿ ಮೂವತ್ತು ದಾಟಿದ ಕನ್ನಡಕದ ಮನುಷ್ಯ. ಯಾರು ಏನೇ ಕೇಳಿದರೂ ಚಿತ್ರ ಬರೆದು ವಿವರಿಸುತ್ತಿದ್ದರು. ಜನ ಅವರನ್ನು ಮರಿಮೇಷ್ಟ್ರು ಎಂದು ಕರೆದರು. ಮೇಷ್ಟ್ರು ತೊಟ್ಟಿಗಳಲ್ಲಿ ಮರಿ ಮಾಡಿಸಿ, ಹೆಬ್ಬೆರಳ ಉಗುರಿನಷ್ಟಾದ ಮೇಲೆ ಮೂಲೆಬಂಡೆ ಎಂಬಲ್ಲಿ ಸಮುದ್ರಕ್ಕೆ ಬಿಟ್ಟರು. ಮೂರು ವರ್ಷದಲ್ಲಿ ಮೂವತ್ತು ಸಾವಿರ. ಒಂದೊಂದರ ಬೆನ್ನಿಗೂ ಅಂಟಿನಿಂದ ಎಳ್ಳಿನಷ್ಟು ದೊಡ್ಡ ನಂಬರ್ ಬಿಲ್ಲೆ. ಅವು ಬೆಳೆಯಲಿ ಎಂದು, ಮೊದಲ ಮರಿ ಬಿಟ್ಟ ದಿನದಿಂದಲೇ ಮೂಲೆಬಂಡೆಯನ್ನು ಐದು ವರ್ಷ ಮುಚ್ಚಿದರು.

ಮೂಲೆಬಂಡೆ ಅಮ್ಮನ ಜಾಗ. ಕಾಗದದ ಮೇಲಲ್ಲ, ಆದರೆ ಅಲ್ಲಿನ ಪ್ರತಿ ಬಿರುಕೂ ಅವಳಿಗೆ ನಮ್ಮ ಅಡುಗೆಮನೆಯ ಕಪಾಟಿನಷ್ಟೇ ಗೊತ್ತಿತ್ತು. ಅದನ್ನು ಮುಚ್ಚಿದ ದಿನ ಅವಳು, ಮನೆಯಲ್ಲಿ ಯಾರಾದರೂ ಮೇಷ್ಟ್ರ ಹೆಸರೆತ್ತಿದರೆ ಎದ್ದು ಹೋಗುವೆನೆಂದಳು. ಬಿಟ್ಟ ಮರಿಗಳನ್ನು ಏಡಿಗಳು ಒಂದೇ ವಾರದಲ್ಲಿ ಚಪ್ಪರಿಸಿರುತ್ತವೆ, ಸರ್ಕಾರ ಏಡಿಗಳಿಗೆ ಊಟ ಹಾಕುತ್ತಿದೆ ಎಂದು ಎಲ್ಲರ ಮುಂದೆ ಆಡಿಕೊಂಡಳು.

ಐದು ವರ್ಷ ಕಳೆಯಿತು. ಪರೀಕ್ಷೆಗೆಂದು ಹನ್ನೆರಡು ದಿನ ಮೂಲೆಬಂಡೆ ತೆರೆದರು. ಅಮ್ಮನೂ ಉಳಿದವರೂ ಸೇರಿ ಎರಡು ಸಾವಿರದ ಮುನ್ನೂರರಷ್ಟು ತೆಗೆದರು. ಮೇಷ್ಟ್ರು ದೋಣಿ ನಿಲ್ಲುವ ದಕ್ಕೆಯ ಮೇಲೆ ಮೇಜು ಹಾಕಿ ಕೂತು ಪ್ರತಿಯೊಂದರ ಬೆನ್ನನ್ನೂ ತಡವಿದರು. ಬಿಲ್ಲೆ ಸಿಕ್ಕಿದ್ದು ಹದಿನೇಳಕ್ಕೆ. ಮೂವತ್ತು ಸಾವಿರಕ್ಕೆ ಹದಿನೇಳು. ಉಳಿದವೆಲ್ಲ ಬಂಡೆಯಲ್ಲಿ ತಾನಾಗಿ ಹುಟ್ಟಿದವು, ಸಾಕಿದ ಮರಿಗಳು ಬದುಕಿಲ್ಲ ಎಂದು ಸರ್ಕಾರದ ದೊಡ್ಡ ಕಚೇರಿ ತೀರ್ಮಾನಕ್ಕೆ ಬಂತು. ತಿಂಗಳ ಕೊನೆಗೆ ಮುಳುಗುವವರ, ದೋಣಿಯವರ ಸಂಘದ ಸಭೆ ಕರೆದು ಕೇಂದ್ರ ಮುಚ್ಚುವುದನ್ನು ತಿಳಿಸುವುದು, ಮೂಲೆಬಂಡೆಯನ್ನು ಎಂದಿನಂತೆ ಬಿಟ್ಟುಕೊಡುವುದು ಎಂದಾಯಿತು. ಅಂದು ಅಮ್ಮನ ಮುಖ ನೋಡಬೇಕಿತ್ತು. ಅಪ್ಪನಿಗೆ ದೋಣಿಗೆ ಹೊಸ ಬಣ್ಣ ಬಳಿಯಲು ಹೇಳಿದಳು.

ಆ ಎರಡು ಸಾವಿರದ ಮುನ್ನೂರು ಚಿಪ್ಪು ಗೋಣಿಗಳಲ್ಲಿ ಶೆಡ್ಡಿಗೆ ಬಂದವು.

ಮೊದಲ ಎರಡು ಗೋಣಿಗಳನ್ನು ಉಳಿದವರು ಅದ್ದಿ ಉಜ್ಜಿ ಮುಗಿಸಿದರು. ಚಿಕ್ಕಮ್ಮ ಜ್ವರದಿಂದ ಮನೆಯಲ್ಲಿದ್ದಳು. ಮೂರನೆಯದು ಅವಳ ಕೈಗೆ ಬಂತು. ತೊಟ್ಟಿಯಿಂದ ತೆಗೆದ ಒಂದು ಚಿಪ್ಪಿನ ನೆತ್ತಿ ಹಸಿರಾಗಿತ್ತು. ಬಟಾಣಿ ಕಾಳಿನಂಥ ಹಸಿರು, ಉಗುರಿನಗಲ. ಅಲ್ಲಿಂದಾಚೆಗೆ ಗೆರೆ ಕೊರೆದಂತೆ ಕೆಂಪು ಶುರು. ಮೂವತ್ತೇಳು ವರ್ಷದಲ್ಲಿ ಅವಳು ಅಂಥದ್ದನ್ನು ನೋಡಿರಲಿಲ್ಲ. ಆಸಿಡ್ಡಿನ ಕಲೆ ಇರಬೇಕೆಂದು ತಿಕ್ಕಿದಳು, ಹೋಗಲಿಲ್ಲ. ಐದಾರು ಚಿಪ್ಪು ಬಿಟ್ಟು ಇನ್ನೊಂದು, ಅದರ ಬೆನ್ನಿಗೇ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಅವಳ ಪಕ್ಕದಲ್ಲಿ ಅರವತ್ತಕ್ಕೂ ಮೇಲೆ ಹಸಿರು ನೆತ್ತಿಗಳು ಕೂತಿದ್ದವು, ಚಕ್ರ ಬರಿದೇ ತಿರುಗುತ್ತಿತ್ತು.

ಶೆಡ್ಡಿನ ಯಜಮಾನರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ದಿನವಿಡೀ ಅದನ್ನೇ ಹುಡುಕುವ ಪೈಕಿ. ಏನು ದಡದಕ್ಕ, ಮೊಟ್ಟೆಗೆ ಕಾವು ಕೊಡುತ್ತಿದ್ದೀಯಾ ಎಂದು ಕೇಳಿದರು. ಇವುಗಳನ್ನು ಎರಡು ದಿನ ಉಜ್ಜುವುದು ಬೇಡ ಎಂದಳು ಅವಳು. ಅವಳು ಅಷ್ಟು ವರ್ಷದಲ್ಲಿ ಏನನ್ನೂ ಬೇಡ ಎಂದಿರಲಿಲ್ಲ. ಯಜಮಾನರು ತಲೆ ಕೆರೆದುಕೊಂಡರು, ಕೈಗೆ ಕನ್ನಡಕ ಸಿಕ್ಕಿತು, ಆ ಸಂತೋಷಕ್ಕೆ ಒಪ್ಪಿದರು.

ಮರುದಿನ ವಾರದ ರಜೆ. ಅವಳು ಬಟ್ಟೆಯ ಚೀಲದಲ್ಲಿ ಒಂದು ಚಿಪ್ಪು ಇಟ್ಟುಕೊಂಡು, ಮನೆಯಲ್ಲಿ ಔಷಧಿ ತರುತ್ತೇನೆಂದು ಹೇಳಿ, ಸಾಕಣೆ ಕೇಂದ್ರಕ್ಕೆ ನಡೆದಳು. ಅಮ್ಮನ ಸಿಟ್ಟಿಗೆ ಹೆದರಿ ನಮ್ಮ ಮನೆಯವರು ಯಾರೂ ಆ ಗೇಟು ದಾಟಿರಲಿಲ್ಲ.

ಮೇಷ್ಟ್ರು ಒಬ್ಬರೇ ಇದ್ದರು. ಕಾಗದಪತ್ರ ಕಟ್ಟಿಡುತ್ತಿದ್ದರಂತೆ. ತಾನು ಚಿಪ್ಪು ಉಜ್ಜುವವಳು, ಮರಿ ನೋಡಬೇಕಿತ್ತು ಎಂದು ಚಿಕ್ಕಮ್ಮ ಹೇಳಿದಾಗ ಅವರಿಗೆ ಆಶ್ಚರ್ಯವಾಯಿತು. ಐದು ವರ್ಷದಲ್ಲಿ ಯಾರೂ ನೋಡಬೇಕೆಂದು ಬಂದಿರಲಿಲ್ಲ. ಉದ್ದನೆಯ ತೊಟ್ಟಿಗಳ ಮೇಲೆ ಕಪ್ಪು ಬಟ್ಟೆ ಹೊದಿಸಿತ್ತು. ಬೆಳಕಿದ್ದರೆ ಇವು ತಿನ್ನುವುದಿಲ್ಲ, ಕತ್ತಲಾಯಿತು ಅಂದುಕೊಂಡರೆ ಹೊರಡುತ್ತವೆ ಎಂದು ಮೇಷ್ಟ್ರು ಬಟ್ಟೆಯ ತುದಿ ಮೆಲ್ಲಗೆ ಎತ್ತಿದರು. ಒಳಗೆ ಸಾಲಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಹಾಳೆಗಳು, ಅವುಗಳ ಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳು ಪಾಚಿಯ ಪೊರೆ. ಅದರ ಮೇಲೆ ಮರಿಗಳು ತೆವಳುತ್ತಿದ್ದವು. ಅವು ಹೋದ ದಾರಿಯೆಲ್ಲ ಹಾಳೆ ಬೆಳ್ಳಗೆ, ಉಜ್ಜಿದಂತೆ. ಮೇಷ್ಟ್ರು ಭೂತಗಾಜು ಕೊಟ್ಟರು. ಮರಿಯ ಬಾಯಿ ತೆರೆದು, ಒಳಗಿನಿಂದ ಒಂದು ಕಂದು ನಾಲಿಗೆ ಹೊರಬಂದು, ಹಾಳೆಯನ್ನು ಕೆರೆದು ಒಳಹೋಗುತ್ತಿತ್ತು. ಮತ್ತೆ ಹೊರಗೆ, ಮತ್ತೆ ಒಳಗೆ. ಅದರ ನಾಲಿಗೆಯ ಮೇಲೆ ಸಾವಿರಾರು ಹಲ್ಲು, ಅರದ ಹಾಗೆ. ಮುಂದಿನವು ಸವೆದರೆ ಹಿಂದಿನವು ಮುಂದೆ ಬರುತ್ತವೆ ಎಂದರು ಮೇಷ್ಟ್ರು. ಇವೂ ನನ್ನ ಹಾಗೆ ಉಜ್ಜುವುದೇ ಕೆಲಸ ಮಾಡಿಕೊಂಡಿವೆ ಎಂದು ಚಿಕ್ಕಮ್ಮನಿಗೆ ಅನ್ನಿಸಿತಂತೆ. ಆದರೆ ಅವಳು ನೋಡುತ್ತಿದ್ದದ್ದು ನಾಲಿಗೆಯನ್ನಲ್ಲ. ಮರಿಗಳ ಬೆನ್ನು. ತೊಟ್ಟಿ ತುಂಬ, ಒಂದೂ ಬಿಡದೆ, ಬಟಾಣಿ ಹಸಿರು.

ಚೀಲದಿಂದ ಚಿಪ್ಪು ತೆಗೆದು ಮೇಷ್ಟ್ರ ಕೈಗೆ ಕೊಟ್ಟಳು. ಅವರು ಅದರ ನೆತ್ತಿ ನೋಡಿದರು. ತೊಟ್ಟಿಯ ಅಂಚಿನ ಮೇಲೆ ಹಾಗೆಯೇ ಕೂತುಬಿಟ್ಟರು. ಪ್ಯಾಂಟು ಒದ್ದೆಯಾದದ್ದೂ ಗೊತ್ತಾಗಲಿಲ್ಲ.

“ಇದು ಎಲ್ಲಿ ಸಿಕ್ಕಿತಮ್ಮ?”

“ಮೂಲೆಬಂಡೇದು. ಇಂಥವು ಇನ್ನೂ ಇವೆ. ನಿನ್ನೆ ಒಂದೇ ದಿನಕ್ಕೆ ಅರವತ್ತು ದಾಟ್ತು.”

ಇಲ್ಲಿ ತಿನ್ನಿಸುವ ಪಾಚಿಯಿಂದ ಮರಿಗಳು ಹಸಿರಾಗುತ್ತವೆಂದು ಅವರಿಗೆ ಗೊತ್ತಿತ್ತು. ಸಮುದ್ರಕ್ಕೆ ಬಿಟ್ಟಮೇಲೆ ಕೆಂಪು ಪಾಚಿ ತಿಂದು ಹೊಸ ಚಿಪ್ಪು ಕೆಂಪಾಗಿ ಬೆಳೆಯುತ್ತದೆ, ಹಳೆಯ ಹಸಿರು ನೆತ್ತಿಯಲ್ಲಿ ಉಳಿಯುತ್ತದೆ. ಆದರೆ ಐದು ವರ್ಷದ ಹೊಪ್ಪಳದ ಅಡಿಯಲ್ಲಿ ಆ ಹಸಿರು ದಕ್ಕೆಯ ಮೇಲೆ ಯಾರಿಗೂ ಕಂಡಿರಲಿಲ್ಲ. ಬಿಲ್ಲೆಗಳು ಎಂದೋ ಉದುರಿದ್ದವು. ಅದು ಕಾಣುವುದು ಆಸಿಡ್ಡಿನಲ್ಲಿ ಅದ್ದಿದ ಮೇಲೆ, ಮತ್ತು ಅದನ್ನು ಆ ಕ್ಷಣವೇ ಉಜ್ಜಿ ಅಳಿಸಿಬಿಡುತ್ತಿದ್ದರು.

ಮೇಷ್ಟ್ರು ಆ ಸಂಜೆಯೇ ಶೆಡ್ಡಿನ ಯಜಮಾನರನ್ನು ಕಂಡು ಉಜ್ಜುವುದನ್ನು ನಿಲ್ಲಿಸಿದರು. ಚಿಕ್ಕಮ್ಮ ನಾಲ್ಕು ದಿನ ಕೂತು ಒಂದೊಂದನ್ನೂ ಅದ್ದಿ, ತೊಳೆದು, ಬೇರೆ ಮಾಡಿದಳು. ಮೊದಲೇ ಉಜ್ಜಿ ಹೋದವು ಏಳುನೂರರಷ್ಟು. ಉಳಿದ ಸಾವಿರದ ಆರುನೂರರಲ್ಲಿ ಎಂಟುನೂರ ಹನ್ನೊಂದಕ್ಕೆ ಹಸಿರು ನೆತ್ತಿ. ಸರಿಸುಮಾರು ಅರ್ಧಕ್ಕೆ ಅರ್ಧ.

ಈ ನಾಲ್ಕು ದಿನವೂ ಅವಳು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಸಭೆಗೆ ಎರಡು ದಿನ ಇರುವಾಗ, ಅಮ್ಮ ಸಲಾಕೆಗೆ ಸಾಣೆ ಹಿಡಿಯುತ್ತಿದ್ದಾಗ, ಎದುರು ಕೂತು ಎಲ್ಲವನ್ನೂ ಹೇಳಿದಳು. ನಾನು ಬಟ್ಟೆ ಮಡಿಚುತ್ತಾ ಅಲ್ಲೇ ಇದ್ದೆ. ಅಮ್ಮನ ಕೈ ನಿಂತಿತು.

“ಅಂದರೆ ಬಂಡೆ ಮತ್ತೆ ಮುಚ್ತಾರೆ.”

“ಮುಚ್ಚಬಹುದು ಅಕ್ಕಾ.”

“ಊರಲ್ಲಿ ಇಷ್ಟು ಜನ ಇದ್ದಾರೆ. ನನ್ನ ಬಂಡೆಗೆ ಬೀಗ ಹಾಕ್ಸೋಕೆ ನೀನೇ ಬೇಕಿತ್ತಾ?”

ಕಂಡದ್ದನ್ನು ಕಂಡಿಲ್ಲ ಅನ್ನಲಾಗಲಿಲ್ಲ ಎಂದಳು ಚಿಕ್ಕಮ್ಮ. ನೀನು ಕಂಡದ್ದು ಸತ್ತ ಚಿಪ್ಪು, ಸಮುದ್ರ ಕಂಡಿಲ್ಲ ಎಂದಳು ಅಮ್ಮ. ಅದು ನಿಜವೇ, ಆದರೆ ನಲವತ್ತು ವರ್ಷ ಹತ್ತಿರವಾಗುತ್ತ ಬಂದರೂ ಯಾರೂ ಅದನ್ನು ಅವಳ ಮುಖಕ್ಕೆ ಹಾಗೆ ಹೇಳಿರಲಿಲ್ಲ. ಚಿಕ್ಕಮ್ಮ ಎದ್ದು ಹಿಂದಿನ ಕೋಣೆಗೆ ಹೋದಳು. ಆಮೇಲೆ ಎರಡು ದಿನ ಅಕ್ಕತಂಗಿ ನನ್ನ ಮೂಲಕ ಮಾತಾಡಿದರು. ಚಹಾ ಆಗಿದೆ ಎಂದು ಹೇಳು, ಬಚ್ಚಲು ಖಾಲಿಯಾಗಿದೆ ಎಂದು ಹೇಳು. ನಾನು ಬಸ್ ನಿಲ್ದಾಣದ ಮೈಕಿನ ಹಾಗೆ ಘೋಷಣೆ ಮಾಡಿಕೊಂಡು ಓಡಾಡಿದೆ.

ಸಂಘದ ಕಚೇರಿ ಐಸ್ ಕಾರ್ಖಾನೆಯ ಮಹಡಿಯ ಮೇಲೆ. ಕೆಳಗಿನ ಯಂತ್ರಕ್ಕೆ ನೆಲ ಸದಾ ಝುಮ್ಮೆನ್ನುತ್ತಿರುತ್ತದೆ. ಮುಳುಗುವವರು, ದೋಣಿಯವರು ಸೇರಿ ಐವತ್ತು ಜನ. ದೊಡ್ಡ ಕಚೇರಿಯ ಸಾಹೇಬರು ನಡುವೆ. ಮೇಷ್ಟ್ರು ಮೇಜಿನ ಮೇಲೆ ಚಿಪ್ಪುಗಳನ್ನು ಎರಡು ರಾಶಿ ಹಾಕಿದರು, ಒಂದು ಕೆಂಪು ನೆತ್ತಿಯದು, ಒಂದು ಹಸಿರು. ಚಿಕ್ಕಮ್ಮನಿಗೆ ಮಾತಾಡಲು ಹೇಳಿದರು. ಯಂತ್ರದ ಸದ್ದಿನಲ್ಲಿ ತನ್ನ ದನಿ ತನಗೇ ಕೇಳದೆ ಅವಳು ಮೊದಲು ತೀರ ಮೆಲ್ಲಗೆ, ಆಮೇಲೆ ತೀರ ಜೋರಾಗಿ ಮಾತಾಡಿದಳು. ಯಾರೋ ನಕ್ಕರು. ಆದರೂ ಹೇಳಬೇಕಾದ್ದನ್ನು ಹೇಳಿದಳು: ಎಷ್ಟು ನೋಡಿದೆ, ಎಷ್ಟು ಹಸಿರು, ಎಷ್ಟು ನೋಡುವ ಮೊದಲೇ ಹೋಯಿತು. ತನಗೆ ಗೊತ್ತಿಲ್ಲದ್ದನ್ನು ಒಂದನ್ನೂ ಸೇರಿಸಲಿಲ್ಲ.

ಸಂಘದ ಕಾರ್ಯದರ್ಶಿ ಎದ್ದ. ಎರಡು ದೋಣಿಗಳ ಮಾಲೀಕ, ನೀರಿಗೆ ಇಳಿದವನಲ್ಲ. ಮಾತಿನಲ್ಲಿ ಮಾತ್ರ ಯಾವ ಆಳಕ್ಕೂ ಇಳಿಯುತ್ತಿದ್ದ. ಬಣ್ಣ ಊಟದಿಂದ ಬರುತ್ತದೆಂದು ನೀವೇ ಹೇಳುತ್ತೀರಿ ಎಂದು ಶುರುಮಾಡಿದ. ಮೂಲೆಬಂಡೆಯ ದಡದಲ್ಲಿ ಹಸಿರು ಪಾಚಿ ಇದೆ, ಎಲ್ಲರೂ ನೋಡಿದ್ದೇವೆ. ಅಲ್ಲಿ ಹುಟ್ಟಿದ ಮರಿಗಳು ಸಣ್ಣವಿದ್ದಾಗ ಆ ಹಸಿರನ್ನು ತಿಂದು, ದೊಡ್ಡವಾದ ಮೇಲೆ ಆಳಕ್ಕೆ ಇಳಿದು ಕೆಂಪು ತಿಂದರೆ ಇದೇ ಬಣ್ಣ ಬರುವುದಿಲ್ಲವೇ? ಇವು ಕೇಂದ್ರದ ಮರಿಗಳೇ ಎನ್ನಲು ಏನು ಸಾಕ್ಷಿ?

ಸಭೆ ಗುಜುಗುಜು ಎಂದಿತು. ಮಾತು ಒಪ್ಪುವಂತೆಯೇ ಇತ್ತು. ಸಾಹೇಬರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಪುಸ್ತಕದಲ್ಲಿರುವುದನ್ನು ಹೇಳಬಲ್ಲರು, ಆ ಬಂಡೆಯ ತಳ ಅವರು ನೋಡಿದ್ದು ಎರಡೇ ಸಲ. ಚಿಕ್ಕಮ್ಮ ನಿಂತೇ ಇದ್ದಳು. ಅವಳು ನೋಡಿದ್ದು ಸೊನ್ನೆ ಸಲ.

ಆಗ ಹಿಂದಿನ ಸಾಲಿನಿಂದ ಅಮ್ಮ ಎದ್ದಳು. ಕಾರ್ಯದರ್ಶಿಯ ಬೆಂಬಲಕ್ಕೆ ಎಂದೇ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ.

“ನೀವು ಮೂಲೆಬಂಡೆಗೆ ಎಷ್ಟು ಸಲ ಇಳಿದಿದ್ದೀರಿ?” ಎಂದು ಅವನನ್ನು ಕೇಳಿದಳು. ಅವನು ನಕ್ಕ. “ನಾನು ಅದನ್ನ ಮುಚ್ಚೋವರೆಗೂ ಮೂವತ್ತಾರು ವರ್ಷ ಇಳಿದಿದ್ದೀನಿ. ಆ ಹಸಿರು ಪಾಚಿ ಇರೋದು ಅಲೆ ಬಡಿಯೋ ಜಾಗದಲ್ಲಿ, ಬಿಸಿಲಿಗೆ. ಕಿವಿಚಿಪ್ಪಿನ ಮರಿ ಅಲ್ಲಿಗೆ ಬರಲ್ಲ. ಅದು ಇರೋದು ಎರಡಾಳು ಆಳದಲ್ಲಿ, ಗುಲಾಬಿ ಬಣ್ಣದ ಹೊಪ್ಪಳ ಕಟ್ಟಿದ ಕಲ್ಲಿನ ಅಡೀಲಿ. ಆ ಹೊಪ್ಪಳಾನೇ ಕೆರ್ಕೊಂಡು ತಿಂದು ಬೆಳೆಯುತ್ತೆ. ನಾನು ಕಲ್ಲು ತಿರುಗಿಸಿ ನೋಡಿದ್ದೀನಿ. ದಾಳಿಂಬೆ ಬೀಜದ ಬಣ್ಣ ಇರುತ್ತೆ ಅದು. ಹಸಿರು ಮರಿ ಆ ಬಂಡೇಲಿ ನಾನು ಒಂದೂ ನೋಡಿಲ್ಲ.”

ಅಲ್ಲಿಗೆ ಕೂತಿದ್ದರೆ ಸಾಕಿತ್ತು. ಆದರೆ ಅಮ್ಮ ಕೂರಲಿಲ್ಲ. ಬಾಯಿಗೆ ಬಂಡೆಯ ಹೆಸರು ಬಂದಮೇಲೆ ಅವಳಿಗೆ ಸಭೆ ಮರೆತುಹೋಯಿತೋ ಏನೋ. ದೊಡ್ಡವಾದ ಮೇಲೆ ಅವು ಮೇಯಲು ಅಲೆಯುವುದಿಲ್ಲ ಎಂದು ಹೇಳತೊಡಗಿದಳು. ಒಂದೊಂದಕ್ಕೂ ಒಂದೊಂದು ಬಿರುಕು, ವರ್ಷಗಟ್ಟಲೆ ಅದೇ ಮನೆ. ಬಿರುಕಿನ ಬಾಯಲ್ಲಿ ಕೂತು ಪಾದದ ಮುಂಭಾಗವನ್ನು ಮೇಲೆತ್ತಿ ಕಾಯುತ್ತದೆ. ಸುಳಿಗೆ ಸಿಕ್ಕಿ ಕಿತ್ತುಬಂದ ಪಾಚಿಯ ಎಲೆ ತೇಲಿಕೊಂಡು ಬಂದು ತಾಗಿತೋ, ಪಾದವನ್ನು ಅದರ ಮೇಲೆ ಒತ್ತಿಬಿಡುತ್ತದೆ. ಎಲೆ ಎಷ್ಟು ಬಡಿದುಕೊಂಡರೂ ಬಿಡುವುದಿಲ್ಲ. ಆಮೇಲೆ ಅಂಚಿನಿಂದ ಸಾವಕಾಶ ತಿನ್ನುತ್ತದೆ. ಒಂದು ಎಲೆಗೆ ಎರಡು ಮೂರು ಚಿಪ್ಪು ಜೋತುಬಿದ್ದಿರುವುದೂ ಉಂಟು. ಕಂದು ಎಲೆಯೂ ಕೆಂಪು ಎಲೆಯೂ ಒಟ್ಟಿಗೆ ಬಂದರೆ ಮೊದಲು ಕೆಂಪನ್ನೇ ಹಿಡಿಯುತ್ತದೆ. ಹೇಳುತ್ತಾ ಅಮ್ಮ ಎಡ ಅಂಗೈಯನ್ನು ಬಿರುಕು ಮಾಡಿ, ಬಲ ಅಂಗೈ ಎತ್ತಿ ಹಿಡಿದು ತೋರಿಸುತ್ತಿದ್ದಳು. ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಚಿಕ್ಕಮ್ಮ ಎಡಗಿವಿಯ ಹಿಂದೆ ಕೈ ಇಟ್ಟುಕೊಂಡು, ಮುಂದಕ್ಕೆ ಬಾಗಿ, ಅಕ್ಕನ ಅಂಗೈಯನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಮ್ಮ ಅದನ್ನು ಅವಳಿಗೆ ಹೇಳಿರಲಿಲ್ಲ. ನೀರಿನ ಮಾತು ಎತ್ತಿದರೆ ಅವಳಿಗೆ ನೋವಾದೀತೆಂದು ಅಜ್ಜಿಯ ಕಾಲದಿಂದಲೂ ನಮ್ಮ ಮನೆಯಲ್ಲಿ, ಅವಳು ಕೇಳಿದ್ದಕ್ಕೆ ಹೌದು ಅಲ್ಲ ಅನ್ನುವುದನ್ನು ಬಿಟ್ಟರೆ, ಅದನ್ನು ಯಾರೂ ತಾವಾಗಿ ಎತ್ತುತ್ತಿರಲಿಲ್ಲ.

ಕೇಂದ್ರ ಉಳಿಯಿತು. ಮೂಲೆಬಂಡೆಯನ್ನು ವರ್ಷಕ್ಕೆ ಇಪ್ಪತ್ತು ದಿನ ಮಾತ್ರ ತೆರೆಯುವುದೆಂದಾಯಿತು.

ಮನೆಗೆ ಬರುವ ದಾರಿಯಲ್ಲಿ ಅಮ್ಮ ಮುಂದೆ, ಚಿಕ್ಕಮ್ಮ ನಾಲ್ಕು ಹೆಜ್ಜೆ ಹಿಂದೆ, ನಾನು ನಡುವೆ. ಈ ಸಲ ಅಮ್ಮ ನನ್ನ ಮೂಲಕ ಹೇಳಲಿಲ್ಲ. ತಿರುಗಿ ನಿಂತಳು.

“ನಿನಗೋಸ್ಕರ ಹೇಳಿದ್ದು ಅಂದ್ಕೋಬೇಡ. ಅವನು ನನ್ನ ಬಂಡೆ ಬಗ್ಗೆ ಬಾಯಿಗೆ ಬಂದಿದ್ದು ಹೇಳ್ತಿದ್ದ. ಕೂತು ಕೇಳೋಕಾಗುತ್ತಾ?”

“ಅಂದ್ಕೊಂಡಿಲ್ಲ” ಎಂದಳು ಚಿಕ್ಕಮ್ಮ. ಹತ್ತಿರ ಬಂದು, “ಎಲೆ ಹಿಡಿದ ಮೇಲೆ ಅದು ಉಸಿರಾಡೋದು ಹೇಗೆ? ಮೈಯೆಲ್ಲ ಮುಚ್ಚಿಹೋಗಲ್ವಾ?” ಎಂದು ಕೇಳಿದಳು. ಚಿಪ್ಪಿನ ಅಂಚಿನಲ್ಲಿ ಸಾಲಾಗಿ ತೂತುಗಳಿವೆಯಲ್ಲ, ಅವು ಮತ್ತೆ ಯಾತಕ್ಕೆ, ದಿನಾ ಕೈಯಲ್ಲಿ ಹಿಡಿಯುವವಳಿಗೆ ಅಷ್ಟೂ ತಿಳಿಯದೇ ಎಂದು ಅಮ್ಮ ಗದರಿದಳು. ಮನೆ ಮುಟ್ಟುವವರೆಗೂ ಗದರುತ್ತಲೇ ಹೇಳಿಕೊಟ್ಟಳು.

ಆ ಬೇಸಿಗೆಯಲ್ಲಿ ಅಪ್ಪ ಪೆಟ್ಟಿಗೆಯೊಂದರ ತಳಕ್ಕೆ ಗಾಜು ಕೂರಿಸಿದ. ಅದನ್ನು ನೀರಿನ ಮೇಲಿಟ್ಟು ನೋಡಿದರೆ ತಳ ಕಾಣುತ್ತದೆ. ಒಂದು ಮುಂಜಾನೆ ಅಮ್ಮ ತಂಗಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಮೂಲೆಬಂಡೆಗೆ ಹೊರಟಳು, ನಾನೂ ಹೋಗಿದ್ದೆ. ಅಲ್ಲಿ ಏನಾದರೂ ದೊಡ್ಡದು ನಡೆದಿರಬೇಕೆಂದು ಕೇಳಿದವರೆಲ್ಲ ಕಾಯುತ್ತಾರೆ. ನಡೆದದ್ದೇನೆಂದರೆ, ಬಂದರು ದಾಟುವ ಮೊದಲೇ ಚಿಕ್ಕಮ್ಮನಿಗೆ ತಲೆ ತಿರುಗಿತು. ಒಡೆದ ಕಿವಿಗೆ ದೋಣಿಯ ಓಲಾಟ ಆಗಿಬರಲಿಲ್ಲ. ಬಂಡೆ ಇರುವಲ್ಲಿ ದೋಣಿ ನಿಲ್ಲಿಸಿದಾಗ ಅವಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬಲವಂತಕ್ಕೆ ಎದ್ದು ಪೆಟ್ಟಿಗೆಯಲ್ಲಿ ಒಮ್ಮೆ ಮುಖವಿಟ್ಟಳು, ಪಾಚಿ ಅತ್ತಿತ್ತ ತೂಗುವುದು ಕಂಡಿತು, ಅದರ ಜೊತೆಗೆ ಹೊಟ್ಟೆಯೂ ತೂಗಿತು, ಅಷ್ಟೇ. ಸಾಕು ಅಕ್ಕಾ, ದಡಕ್ಕೆ ಬಿಡು ಎಂದಳು. ಅಮ್ಮ ನಗಲಿಲ್ಲ. ಹಿಂದಿರುಗುವಾಗ ಉದ್ದಕ್ಕೂ ಅವಳ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಿದ್ದಳು.

ಮುಂದಿನ ಪರೀಕ್ಷೆಗಳಿಗೆ ಹಸಿರು ನೆತ್ತಿ ಗುರುತಿಸಲು ಮೇಷ್ಟ್ರು ಚಿಕ್ಕಮ್ಮನನ್ನು ಕರೆಯತೊಡಗಿದರು. ಮೊದಲು ವಾರಕ್ಕೆ ಎರಡು ದಿನ. ಶೆಡ್ಡಿನ ಪುಡಿಗೆ ಕೆಮ್ಮು ಹತ್ತಿದ ಮೇಲೆ ಅವಳು ಚಕ್ರ ಬಿಟ್ಟು ಪೂರ್ತಿ ಅಲ್ಲಿಗೇ ಸೇರಿದಳು. ಮರಿಗಳಿಗೆ ತಿನ್ನಿಸುವುದು ಅವಳ ಕೆಲಸವಾಯಿತು. ಯಾವ ತೊಟ್ಟಿಯವು ಮಂಕಾಗಿವೆ, ಯಾವುವು ಊಟ ಬಿಟ್ಟಿವೆ ಎನ್ನುವುದನ್ನು ಚಿಪ್ಪಿನ ಅಂಚು ನೋಡಿ ಹೇಳುತ್ತಾಳೆ. ಅಂಚು ತೆಳ್ಳಗೆ ಹೊಸದಾಗಿ ಹೊಳೆಯುತ್ತಿದ್ದರೆ ತಿಂದಿದೆ, ಮೊಂಡಾಗಿದ್ದರೆ ಉಪವಾಸ. ಮೇಷ್ಟ್ರು ಅಳತೆಪಟ್ಟಿ ತರುವ ಹೊತ್ತಿಗೆ ಅವಳು ತೊಟ್ಟಿಯ ನೀರು ಬದಲಾಯಿಸಿರುತ್ತಾಳೆ.

ಅರವತ್ತೆರಡು ತುಂಬಿದ ಮೇಲೆ ಅಮ್ಮನ ಉಸಿರು ಮೊದಲಿನಷ್ಟು ನಿಲ್ಲಲಿಲ್ಲ. ನೀರು ಬಿಟ್ಟು ಆರು ತಿಂಗಳು ಮನೆಯಲ್ಲಿ ಕೂತು ಎಲ್ಲರ ಪ್ರಾಣ ತಿಂದಳು. ಕೊನೆಗೆ ಒಂದು ದಿನ, ಯಾರೂ ಕರೆಯದೆ, ದಡಕ್ಕೆ ಬಿದ್ದ ತಾಜಾ ಪಾಚಿಯನ್ನು ಬುಟ್ಟಿ ತುಂಬ ಆರಿಸಿಕೊಂಡು ಕೇಂದ್ರದ ಗೇಟಿನ ಮುಂದೆ ನಿಂತಳಂತೆ. ನೀವು ಹಾಕುವ ಪಾಚಿ ಬಾಡಿದ್ದು, ಇದನ್ನು ಹಾಕಿ ನೋಡಿ ಎಂದು ಮೇಷ್ಟ್ರಿಗೆ ಹೇಳಿದಳಂತೆ. ಮೇಷ್ಟ್ರ ತಲೆಯೂ ಈಗ ನರೆತಿದೆ. ಯಾರ ಹತ್ತಿರ ವಾದ ಮಾಡಬಾರದೆಂದು ಅವರಿಗೆ ಗೊತ್ತಾಗಿದೆ. ಅಂದಿನಿಂದ ಬೆಳಗ್ಗೆ ಅಮ್ಮ ಪಾಚಿ ತರುತ್ತಾಳೆ, ಅಪ್ಪ ಬುಟ್ಟಿ ಹೊರುತ್ತಾನೆ.

ಹೋದ ವಾರ ಅವರಿಗೆ ಊಟದ ಡಬ್ಬಿ ಕೊಡಲು ನಾನು ಅಲ್ಲಿಗೆ ಹೋಗಿದ್ದೆ. ಅಕ್ಕತಂಗಿ ಒಂದು ದೊಡ್ಡ ತೊಟ್ಟಿಯ ಆಚೆ ಈಚೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಚಿಕ್ಕಮ್ಮ ಕತ್ತರಿಯಿಂದ ಪಾಚಿಯನ್ನು ಸಣ್ಣಗೆ ಕತ್ತರಿಸಿ ಹಾಕುತ್ತಿದ್ದಳು. ಅಮ್ಮ ಇಡೀ ಎಲೆಯನ್ನೇ ನೀರಿಗೆ ಬಿಡುತ್ತಿದ್ದಳು. ಚೂರು ಹಾಕಿದರೆ ಅವು ಹಿಡಿಯುವುದನ್ನು ಮರೆತುಬಿಡುತ್ತವೆ, ನಾಳೆ ಸಮುದ್ರಕ್ಕೆ ಹೋದರೆ ಯಾರು ಕತ್ತರಿಸಿ ಕೊಡುತ್ತಾರೆ ಎನ್ನುವುದು ಅಮ್ಮನ ವಾದ. ಇಡೀ ಎಲೆ ಹಾಕಿದರೆ ದೊಡ್ಡವೇ ತಿನ್ನುತ್ತವೆ, ಸಣ್ಣವಕ್ಕೆ ಸಿಗುವುದಿಲ್ಲ ಎನ್ನುವುದು ಚಿಕ್ಕಮ್ಮನದು. ಡಬ್ಬಿ ಆರುತ್ತದೆ ಎಂದು ನಾನು ಎರಡು ಸಲ ಹೇಳಿದೆ. ಅಮ್ಮ ಕೈಸನ್ನೆಯಿಂದ ನನ್ನನ್ನು ಸುಮ್ಮನಿರಿಸಿ, ತಂಗಿಗೆ ಕೇಳುವಂತೆ ಅವಳ ಎಡಗಡೆಗೆ ಸ್ಟೂಲು ಎಳೆದುಕೊಂಡು, ವಾದವನ್ನು ಮೊದಲಿನಿಂದ ಶುರುಮಾಡಿದಳು.